ಪೆಲೆಟ್ ಒಲೆಯ ಲೆಕ್ಕ, ಬಚ್ಚಲೊಲೆಯ ಲೆಕ್ಕ

ಚಳಿಗಾಲದಲ್ಲಿ ನಮ್ಮ ಮನೆಗೆ ಬರುವ ಕನ್ನಡದವರು ಹಾಲ್‌ನ ಮೂಲೆಯಲ್ಲಿ ಉರಿಯುವ ಒಲೆ ನೋಡಿ, ಕೈ ಕಾಯಿಸಿಕೊಂಡು, ಆಮೇಲೆ ತಪ್ಪದೆ ಕೇಳುತ್ತಾರೆ: "ಇದರಿಂದ ಎಷ್ಟು ಉಳಿಯುತ್ತೆ?" ಮೂರು ವರ್ಷ ನಾನು ಬಾಯಿಗೆ ಬಂದದ್ದು ಹೇಳಿದೆ. ಈ ಏಪ್ರಿಲ್‌ನಲ್ಲಿ ಬಿಲ್ಲುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಸರಿಯಾಗಿ ಲೆಕ್ಕಕ್ಕೆ ಕೂತೆ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ನಾಶುವಾ ಪೇಟೆಯಿಂದ ಸ್ವಲ್ಪ ಆಚೆ. ಪೇಟೆಯಲ್ಲಿ ಗ್ಯಾಸ್ ಪೈಪ್ ಇದೆ, ನಮ್ಮ ಬೀದಿಗೆ ಬಂದಿಲ್ಲ. ಹಾಗಾಗಿ ಮನೆ ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ಆಯಿಲ್ ಟ್ಯಾಂಕು, ಆ ಆಯಿಲ್ ಸುಟ್ಟು ನೀರು ಕಾಯಿಸುವ ಬಾಯ್ಲರು, ಎಲ್ಲ ಕೋಣೆಗೂ ಬಿಸಿನೀರಿನ ಪೈಪು. 2022ರಲ್ಲಿ ಆಯಿಲ್ ಬೆಲೆ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 5 ಡಾಲರ್ ದಾಟಿದಾಗ ನಾನೂ ಹೆದರಿದೆ. ಮರುವರ್ಷ ಪೆಲೆಟ್ ಒಲೆ ತಂದು ಕೂರಿಸಿದೆ. ಕೂರಿಸುವ ಕೂಲಿ ಸೇರಿ 5,200 ಡಾಲರ್. ಆಗ ತೆರಿಗೆಯಲ್ಲಿ ನೂರಕ್ಕೆ 30ರಷ್ಟು ವಾಪಸ್ ಸಿಗುತ್ತಿತ್ತು, ಮಿತಿ 2,000 ಡಾಲರ್. ಆ ಸೌಲಭ್ಯ 2025ರ ಕೊನೆಗೆ ಮುಗಿಯಿತು.

ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲ್ ತುಂಡಿನಷ್ಟು ದಪ್ಪದ ಕಡ್ಡಿಗಳು. ಕೋಳಿ ಮೇವಿನ ಹಾಗೆ ಕಾಣುತ್ತದೆ. ಒಂದು ಚೀಲ 40 ಪೌಂಡ್, ಅಂದರೆ 18 ಕೆಜಿ. ಇಲ್ಲಿನ ಒಂದು ಟನ್ನಿಗೆ 50 ಚೀಲ. ಹದವಾದ ಚಳಿಯಲ್ಲಿ ದಿನಕ್ಕೆ ಒಂದು ಚೀಲ ಸಾಕು. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದ ದಿನ ಎರಡು ಬೇಕು. ನಮಗೆ ಒಂದು ಚಳಿಗಾಲಕ್ಕೆ ಮೂರು ಟನ್.

ಈಗ ಲೆಕ್ಕ. ಹೋದ ಸಲ ಟನ್ನಿಗೆ 340 ಡಾಲರ್ ಕೊಟ್ಟೆ, ಮೂರಕ್ಕೆ 1,020. ಈ ಒಲೆ ಕರೆಂಟಿಲ್ಲದೆ ಉರಿಯಲ್ಲ. ಪೆಲೆಟ್ ತಳ್ಳುವ ತಿರುಪಿಗೆ, ಫ್ಯಾನಿಗೆ, ಹೊತ್ತಿಸುವ ಕಾಯಿಲ್‌ಗೆ ಎಲ್ಲ ಸೇರಿ ದಿನಕ್ಕೆ ಸುಮಾರು ಎರಡೂವರೆ ಯೂನಿಟ್. ಇಡೀ ಚಳಿಗಾಲಕ್ಕೆ 90 ಡಾಲರ್. ವರ್ಷಕ್ಕೊಮ್ಮೆ ಬಂದು ಹೊಗೆಕೊಳವೆ ಗುಡಿಸಿ ಹೋಗುವವನಿಗೆ 200. ಒಟ್ಟು 1,310.

ಒಂದು ಟನ್ ಪೆಲೆಟ್ ಕೊಡುವ ಶಾಖ, ಒಲೆಯಲ್ಲೂ ಬಾಯ್ಲರ್‌ನಲ್ಲೂ ಆಗುವ ನಷ್ಟ ಕಳೆದರೆ, ಸುಮಾರು 110 ಗ್ಯಾಲನ್ ಆಯಿಲ್‌ಗೆ ಸಮ. ಮೂರು ಟನ್ನಿಗೆ 330 ಗ್ಯಾಲನ್. ನಾನು ಕೊಟ್ಟ 3 ಡಾಲರ್ 60 ಸೆಂಟ್ ರೇಟಿನಲ್ಲಿ ಅದು 1,190 ಡಾಲರ್ ಆಯಿತು. ಅಂದರೆ ಪೆಲೆಟ್ಟೇ 120 ಡಾಲರ್ ಜಾಸ್ತಿ! ಎರಡು ಸಲ ಕೂಡಿ ನೋಡಿದೆ. ತಪ್ಪಿಲ್ಲ.

ಆದರೆ ಆಯಿಲ್ ಬಿಲ್ಲು ಬೇರೆ ಕತೆ ಹೇಳುತ್ತಿತ್ತು. ಮೊದಲು ವರ್ಷಕ್ಕೆ 700 ಗ್ಯಾಲನ್ ಸುಡುತ್ತಿದ್ದ ಮನೆ ಈಗ 200ಕ್ಕೆ ಇಳಿದಿದೆ. 500 ಗ್ಯಾಲನ್ ಉಳಿಯಿತು, ಅಂದರೆ 1,800 ಡಾಲರ್. ಪೆಲೆಟ್ ಖರ್ಚು ಕಳೆದರೂ 490 ಡಾಲರ್ ಕೈಯಲ್ಲಿ. 330 ಗ್ಯಾಲನ್‌ನ ಶಾಖ ಕೊಟ್ಟು 500 ಉಳಿಸಿದ್ದು ಹೇಗೆ?

ಹೇಗೆಂದರೆ, ನಾವೆಲ್ಲ ಒಂದೇ ಕೋಣೆಗೆ ಬಂದುಬಿಟ್ಟಿದ್ದೇವೆ. ಮೊದಲು ಏಳು ಕೋಣೆಯೂ ಹಗಲೂ ರಾತ್ರಿ ಬಿಸಿ, ಯಾರೂ ಹೋಗದ ಗೆಸ್ಟ್ ರೂಮೂ ಬಿಸಿ. ಈಗ ಹಾಲ್ ಮತ್ತು ಅಡುಗೆಮನೆ ಬೆಚ್ಚಗೆ, ಉಳಿದದ್ದು ತಣ್ಣಗೆ. ಮಗಳು ಹೋಮ್‌ವರ್ಕ್ ಹಿಡಿದುಕೊಂಡು ಕೆಳಗೆ ಬರುತ್ತಾಳೆ. ಹೆಂಡತಿ ಲ್ಯಾಪ್‌ಟಾಪ್ ತರುತ್ತಾಳೆ. ಒಣಗದ ಕಾಲುಚೀಲಗಳೂ ಒಲೆಯ ಮುಂದೆಯೇ ಸಾಲಾಗಿ ಕೂರುತ್ತವೆ. ಉಳಿತಾಯ ಪೆಲೆಟ್‌ನಿಂದ ಬಂದದ್ದಲ್ಲ, ಹೀಗೆ ಗುಂಪಾಗಿ ಕೂತಿದ್ದರಿಂದ ಬಂದದ್ದು.

ಇದು ನನಗೆ ಗೊತ್ತಿರುವ ವಿದ್ಯೆಯೇ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ಬೆಚ್ಚಗಿನ ಜಾಗ ಒಂದೇ, ಬಚ್ಚಲೊಲೆಯ ಮುಂದೆ. ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಸಣ್ಣಗೆ ಹೊಗೆಯಾಡುತ್ತಾ ದಿನವಿಡೀ ಕೆಂಡ ಹಿಡಿದಿರುತ್ತಿತ್ತು. ಹಲಸಿನ ಬೀಜ ಅಲ್ಲೇ ಸುಡುವುದು, ಒದ್ದೆ ಕಂಬಳಿ ಅಲ್ಲೇ ಒಣಗುವುದು, ಅಪ್ಪ ಅಡಿಕೆ ರೇಟಿನ ಚರ್ಚೆ ಮಾಡುವುದೂ ಅಲ್ಲೇ. ಇಡೀ ಮನೆ ಬೆಚ್ಚಗಿರಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಆ ಆಸೆ ನಾನು ಇಲ್ಲಿ ಮನೆಯ ಬಿಸಿ ಹೊಂದಿಸುವ ಥರ್ಮೋಸ್ಟಾಟ್ ನೋಡಿದ ಮೇಲೆ ಕಲಿತದ್ದು.

ಹಾಗಂತ ಊರಿನದೆಲ್ಲ ಪುಕ್ಕಟೆ ಅಂತ ಹೊಗಳುವವರ ಜೊತೆ ನಾನಿಲ್ಲ. ಸಿಪ್ಪೆಗೆ, ಸೋಗೆಗೆ ದುಡ್ಡು ಕೊಡುತ್ತಿರಲಿಲ್ಲ, ನಿಜ. ಮಳೆಗೆ ಮುಂಚೆ ಅದನ್ನೆಲ್ಲ ಹೊತ್ತು ಕೊಟ್ಟಿಗೆಗೆ ತುಂಬಿದವಳು ಅಮ್ಮ. ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡವಳೂ ಅವಳೇ. ಇಲ್ಲಿ ಹೊಗೆ ಮನೆಯೊಳಗೆ ಬರುವುದಿಲ್ಲ, ಅದಕ್ಕೆ ನಾನು ಖುಷಿಯಾಗಿ ದುಡ್ಡು ಕೊಡುತ್ತೇನೆ. ಆದರೆ ಹೊರುವುದು ತಪ್ಪಿಲ್ಲ. 150 ಚೀಲ, ಗರಾಜಿನಿಂದ ಆರು ಮೆಟ್ಟಿಲು ಹತ್ತಿಸಬೇಕು. ಎರಡು ದಿನಕ್ಕೊಮ್ಮೆ ಉರಿಯುವ ಬಟ್ಟಲಿನ ಕಿಟ್ಟ ಕೆರೆಯಬೇಕು, ವಾರಕ್ಕೊಮ್ಮೆ ಬೂದಿ ತೆಗೆಯಬೇಕು. ಬಿಟ್ಟರೆ ಉರಿ ಸೋಮಾರಿಯಾಗಿ ಕಡು ಕಿತ್ತಳೆಗೆ ತಿರುಗುತ್ತದೆ, ಗಾಜು ಕಪ್ಪಾಗುತ್ತದೆ, ಪೆಲೆಟ್ ಜಾಸ್ತಿ ತಿನ್ನುತ್ತದೆ.

ಪೆಲೆಟ್ ಬೇಸಿಗೆಗೆ ಮುಂಚೆಯೇ ಕೊಂಡರೆ ಅಗ್ಗ. ಮೊದಲ ವರ್ಷ ಹಾಗೇ ಕೊಂಡು ಕೆಲವು ಚೀಲ ಹೊರಗೆ ತಾರ್ಪಾಲಿನ ಕೆಳಗೆ ಇಟ್ಟೆ. ತಾರ್ಪಾಲು ಎಲ್ಲೋ ಹರಿದಿತ್ತು. ಅಕ್ಟೋಬರ್‌ನಲ್ಲಿ ನೋಡಿದರೆ ಎಂಟು ಚೀಲ ನೀರು ಕುಡಿದು ಊದಿ, ಮತ್ತೆ ಹೊಟ್ಟಾಗಿದೆ. ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ, "ಮಲೆನಾಡಲ್ಲಿ ಹುಟ್ಟಿ ಮಳೆಗೆ ಮುಂಚೆ ಸೌದೆ ಒಳಗೆ ಹಾಕಕ್ಕೆ ಬರಲ್ವೇನೋ ಮಾರಾಯ" ಅಂದಳು. ಆ 50 ಡಾಲರ್ ಯಾವ ಖಾತೆಗೆ ಬರೆಯಲಿ?

ಪಕ್ಕದ ಮನೆಯವರದು ಬರೀ ಸೌದೆ ಒಲೆ. 2008ರ ಡಿಸೆಂಬರ್‌ನ ಐಸ್ ಬಿರುಗಾಳಿಯಲ್ಲಿ ಈ ರಾಜ್ಯದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಕರೆಂಟ್ ಹೋಗಿ, ಕೆಲವು ಕಡೆ ಎರಡು ವಾರ ಬರಲಿಲ್ಲ. ಆಗ ಕೊಂಡದ್ದಂತೆ. ಹೋದ ವರ್ಷ ಒಂದು ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ನಮ್ಮ ಒಲೆ ಸುಮ್ನೆ ನಿಂತುಬಿಟ್ಟಿತು, ಬಾಯ್ಲರ್ರೂ ನಿಂತಿತು. 30 ಚೀಲ ಪೆಲೆಟ್ ಇಟ್ಟುಕೊಂಡು ನಾವು ಅವರ ಮನೆ ಬೆಂಕಿ ಮುಂದೆ ಹೋಗಿ ಕೂತೆವು.

ಪೆಲೆಟ್ ಪಾಠ ಕರ್ನಾಟಕಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಜೊತೆ ಸೇರಿ ಬ್ರಿಟನ್ನಿನ ತೈಲ ಕಂಪನಿ ಬಿಪಿ 2006ರ ಹೊತ್ತಿಗೆ 'ಊರ್ಜಾ' ಅನ್ನುವ ಪೆಲೆಟ್ ಒಲೆ ತಂದಿತ್ತು, ಅಡುಗೆಗೆ. ಪುಟ್ಟ ಫ್ಯಾನು, ಬ್ಯಾಟರಿ, ಹೊಗೆ ಕಮ್ಮಿ. ಕರ್ನಾಟಕ, ಮಹಾರಾಷ್ಟ್ರದಲ್ಲೆಲ್ಲ ಸೇರಿ ಲಕ್ಷಗಟ್ಟಲೆ ಮಾರಾಟವಾಯಿತು. ಕಬ್ಬಿನ ಸಿಪ್ಪೆಯಂಥ ಕಚ್ಚಾಮಾಲಿಗೆ ಕಾರ್ಖಾನೆಗಳೂ ಕೈಹಾಕಿದವು, ಪೆಲೆಟ್ ಬೆಲೆ ಏರಿತು, ಮನೆಗಳಲ್ಲಿ ಒಲೆಗಳು ಮೂಲೆ ಸೇರಿದವು. ಅದರಲ್ಲಿ ಕಂಡ ಕಂಡ ಸೌದೆ ಹಾಕಿ ಉರಿಸುವ ಹಾಗಿರಲಿಲ್ಲವಲ್ಲ. ನನ್ನದೂ ಅದೇ ಜಾತಿ. ಯುರೋಪಿಗೆ 2022ರಲ್ಲಿ ರಷ್ಯಾದಿಂದ ಮರ ಬರುವುದು ನಿಂತಾಗ ಜರ್ಮನಿಯಲ್ಲಿ ಪೆಲೆಟ್ ಬೆಲೆ ಟನ್ನಿಗೆ 700 ಯೂರೋ ದಾಟಿತ್ತು, ಹಿಂದಿನ ವರ್ಷದ ಸರಾಸರಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಅಗ್ಗ ಅಂತ ಒಲೆ ಕೊಂಡವರು ಆಗ ಏನು ಮಾಡಬೇಕು?

ಹಾಗಾಗಿ ಈಗ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಬೀದಿಯಲ್ಲಿ ಗ್ಯಾಸ್ ಇದ್ದರೆ ಈ ಗೋಜಿಗೆ ಹೋಗಬೇಡಿ. ಆಯಿಲ್ ಮನೆಯಾದರೆ, ಎಲ್ಲರೂ ಒಂದೇ ಕಡೆ ಕೂರುವ ಸಂಸಾರವಾದರೆ, ಬೆನ್ನು ಗಟ್ಟಿ ಇದ್ದರೆ ತನ್ನಿ. ತೆರಿಗೆ ವಾಪಸ್ ಬಂದದ್ದು ಕಳೆದು ನನ್ನ ಒಲೆಯ ದುಡ್ಡು ಹುಟ್ಟಲು ಏಳೂವರೆ ವರ್ಷ ಬೇಕು. ಈಗ ಕೊಳ್ಳುವವರಿಗೆ ಹತ್ತು ದಾಟುತ್ತದೆ.

ಮಗಳು ಮುಂದಿನ ವರ್ಷ ಹೈಸ್ಕೂಲು. ಓದಲು ತನ್ನ ರೂಮೇ ಬೇಕು, ಬಾಗಿಲು ಹಾಕಿಕೊಳ್ಳಬೇಕು, ಅದೂ ಬೆಚ್ಚಗಿರಬೇಕು ಅನ್ನುತ್ತಿದ್ದಾಳೆ. ಈ ಸಲ ಪೆಲೆಟ್ ಎರಡೂವರೆ ಟನ್ ಮಾತ್ರ ಹೇಳಿದ್ದೇನೆ, ಆಯಿಲ್ ನೂರು ಗ್ಯಾಲನ್ ಜಾಸ್ತಿ.