ಬ್ಯಾಟರಿಗೊಂದು ಕಂಬಳಿ

ಮೂಡಿಗೆರೆ ಹತ್ತಿರ ನಮ್ಮ ಭಾವನ ತೋಟದ ಕೆರೆಯಲ್ಲಿ ಒಂದು ಫೈಬರ್ ದೋಣಿ ಇದೆ. ಅದಕ್ಕೆ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಓಡುವ ಪುಟ್ಟ ಮೋಟರ್. ಕಾಫಿ ಕುಯ್ಲು ಶುರುವಾದರೆ ದೋಣಿ ಹತ್ತಲು ಯಾರಿಗಿದೆ ಪುರುಸೊತ್ತು? ದೋಣಿ ದಡಕ್ಕೆ, ಬ್ಯಾಟರಿ ಮನೆಗೆ.

ಮನೆಯಲ್ಲಿ ಖಾಲಿ ಇದ್ದ ಪ್ಲಗ್ ಪಾಯಿಂಟ್ ಒಂದೇ, ದೇವರ ಕೋಣೆ ಬಾಗಿಲ ಪಕ್ಕ. ಭಾವ ಅಲ್ಲೇ ಚಾರ್ಜರ್ ಸಿಕ್ಕಿಸಿದರು. ಬ್ಯಾಟರಿ ಮೇಲೆ ಆಯುಧ ಪೂಜೆಯ ಕುಂಕುಮ ಇನ್ನೂ ಇತ್ತು. ಅಕ್ಕನ ಅತ್ತೆ ಸಂಜೆ ಅದಕ್ಕೂ ಒಂದು ಸುತ್ತು ಆರತಿ ಎತ್ತಲು ಹೊರಟರು. ಚಾರ್ಜ್ ತುಂಬುತ್ತಾ ಬಂದಂತೆ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಸಿಡಿಯಲು ಒಂದು ಕಿಡಿ ಸಾಕು. ಅಕ್ಕ ಕಿರುಚಿದ್ದು ಕಣದಲ್ಲಿದ್ದವರಿಗೂ ಕೇಳಿಸಿತಂತೆ.

ಬ್ಯಾಟರಿ ಗಾಳಿಯಾಡುವ ಶೆಡ್‌ಗೆ ಹೋಯಿತು. “ಸಾರ್, ಸಿಮೆಂಟ್ ನೆಲ ಚಾರ್ಜ್ ಎಳ್ಕೊಂಡ್ಬಿಡುತ್ತೆ” ಅಂದರು ತೋಟದ ಲೆಕ್ಕ ಬರೆಯುವ ರೈಟ್ರು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಏನೂ ಮಾಡಲ್ಲ. ಆದರೂ ಹಲಗೆ ಬಂತು. ಹಲಗೆಯ ಹಿಂದೆಯೇ ಅತ್ತೆಯ ಕಂಬಳಿ, “ಪಾಪ, ಚಳಿ” ಅಂತ. ಅಸಲಿಗೆ ತಂಪಲ್ಲಿದ್ದಷ್ಟೂ ಬ್ಯಾಟರಿ ಚಾರ್ಜ್ ನಿಧಾನವಾಗಿ ಇಳಿಯುತ್ತದೆ. ಹಿಮ ಬೀಳುವ ದೇಶಗಳಲ್ಲೂ ಹೆಪ್ಪುಗಟ್ಟಿ ಒಡೆಯುವುದು ಚಾರ್ಜ್ ಇಳಿದದ್ದು. ಪೂರ್ತಿ ಚಾರ್ಜ್ ಆಗಿದ್ದರೆ ಮೈನಸ್ 50 ಡಿಗ್ರಿಗೂ ಜಗ್ಗಲ್ಲ. ಮೂಡಿಗೆರೆ ಚಳಿ ಯಾವ ಲೆಕ್ಕ?

ಬ್ಯಾಟರಿಗೆ ನಿಜವಾದ ಶತ್ರು ಅರೆಬರೆ ಚಾರ್ಜ್. ಹಾಗೇ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಒಂದು ಬೆಳಿಗ್ಗೆ ಮೀಟರ್ 11.8 ವೋಲ್ಟ್ ತೋರಿಸಿತು. ಚಾರ್ಜ್ ತುಂಬಿದ್ದರೆ 12.6 ದಾಟಬೇಕಿತ್ತು! ಭಾವ ಚಾರ್ಜರ್ ಕಂಪನಿಯನ್ನು ಬೈದರು, ಕರೆಂಟಿನವರನ್ನು ಬೈದರು. ಕೊನೆಗೆ ಕಂಬಳಿ ಎತ್ತಿದರೆ ಒಂದು ವೈರು. ಅದನ್ನೇ ಹಿಡಿದು ಹೋದರೆ ಕಣ. ರಾತ್ರಿ ಕಾಫಿ ಕಾಯುವವರ ಬಲ್ಬು, ರೇಡಿಯೋ ಎರಡೂ ಅದರಲ್ಲೇ ನಡೀತಿದ್ದವು.

ಆಮೇಲೆ ಆಟೋಮ್ಯಾಟಿಕ್ ಚಾರ್ಜರ್ ಬಂತು. ಬ್ಯಾಟರಿ ತುಂಬಿದ ಮೇಲೆ ಅದು ತಾನೇ ಸುಮಾರು 13.5 ವೋಲ್ಟಿಗೆ ಇಳಿದು ಸುಮ್ನೆ ಕೂರುತ್ತದೆ. ಭಾವ ಡಿಸ್ಟಿಲ್ಡ್ ವಾಟರ್ ಹಾಕಿದರು. ಟರ್ಮಿನಲ್ ತಿಕ್ಕಿ ವ್ಯಾಸಲೀನ್ ಸವರಿದರು. ಅದು ಅಕ್ಕ ಒಡೆದ ಹಿಮ್ಮಡಿಗೆಂದು ತಂದ ಡಬ್ಬಿ; ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಕುಯ್ಲು ಮುಗಿಯಿತು. ಬ್ಯಾಟರಿ 12.7. ಭಾವ ಹುಮ್ಮಸ್ಸಿನಿಂದ ಅದನ್ನು ಹೊತ್ತು ಕೆರೆಗೆ ನಡೆದರು. ಅಷ್ಟರಲ್ಲಿ ರೊಬಸ್ಟಾ ಕಾಫಿ ಹೂ ಬಿಡಲೆಂದು ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಚ್ಚಿ ಆಗಿತ್ತು. ಕೆರೆಯಲ್ಲಿ ಉಳಿದಿದ್ದು ಮೊಣಕಾಲುದ್ದ ಕೆಸರು.

“ಮಳೆ ಬರೋವರೆಗೂ ರೇಡಿಯೋಗೆ ಕೊಡ್ಲಾ ಸಾರ್?” ಅಂದರು ರೈಟ್ರು.