ಒಂದು ಗುಂಟೆ ಜಾಗದಲ್ಲಿ ಸಮಾಜ ವಿಜ್ಞಾನ

ಕಳೆದ ವಾರ ನಮ್ಮ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯೊಬ್ಬರು ಆರು ಮತ್ತು ಏಳನೆಯ ತರಗತಿಯ ಸಮಾಜ ವಿಜ್ಞಾನಕ್ಕೆ ಒಳ್ಳೆಯ ಚಟುವಟಿಕೆಗಳೂ ಆನ್‌ಲೈನ್ ಸಂಪನ್ಮೂಲಗಳೂ ಎಲ್ಲಿ ಸಿಗುತ್ತವೆ ಎಂದು ಕೇಳಿದ್ದರು. ಅರ್ಧ ಗಂಟೆಯೊಳಗೆ ಪಿಡಿಎಫ್ ನೋಟ್ಸುಗಳು, ಯೂಟ್ಯೂಬ್ ಕೊಂಡಿಗಳು, ಸ್ಲೈಡುಗಳು ಸಾಲುಸಾಲಾಗಿ ಬಂದು ಬಿದ್ದವು. ಕಳುಹಿಸಿದವರೆಲ್ಲರ ಉದ್ದೇಶ ಒಳ್ಳೆಯದೇ. ಆದರೆ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹಲವು ವರ್ಷಗಳಿಂದ ಇದೇ ವಿಷಯವನ್ನು ಕಲಿಸುತ್ತಿರುವ ನನಗೆ ಆ ರಾಶಿಯನ್ನು ನೋಡಿ ಬೇಸರವಾಯಿತು. ಅಲ್ಲಿದ್ದುದೆಲ್ಲವೂ ಉತ್ತರಗಳೇ, ಮಗು ತಾನೇ ನೋಡಿ, ಅಳೆದು, ಕೇಳಿ ತಿಳಿಯಬೇಕಾದ ಒಂದು ಸಂಗತಿಯೂ ಅದರಲ್ಲಿರಲಿಲ್ಲ. ಗುಂಪಿನಲ್ಲಿ ಬರೆಯಲು ಉದ್ದವಾಗುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಮಾಜ ವಿಜ್ಞಾನ ಕಲಿಸಲು ಅಂತರ್ಜಾಲದಲ್ಲಿರುವ ಅತ್ಯುತ್ತಮ ಸಾಮಗ್ರಿ ಶಾಲೆಗಳಿಗಾಗಿ ತಯಾರಾದದ್ದಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆ, ಜನಗಣತಿಯ ಗ್ರಾಮವಾರು ಪಟ್ಟಿ, ಶಾಸನ ಸಂಪುಟಗಳ ಸ್ಕ್ಯಾನ್ ಪ್ರತಿ, ಇಸ್ರೋದ ಭುವನ್ ತಾಣದ ಉಪಗ್ರಹ ಚಿತ್ರ, ಇವು ಅಧಿಕಾರಿಗಳಿಗೂ ಸಂಶೋಧಕರಿಗೂ ಎಂದು ಸಿದ್ಧವಾದವು. ಇವು ಪಾಠ ಹೇಳುವುದಿಲ್ಲ, ಆಧಾರಗಳನ್ನು ಮುಂದಿಡುತ್ತವೆ. ಹನ್ನೆರಡು ವರ್ಷದ ಮಗುವಿಗೆ ಬೇಕಾಗಿರುವುದು ಅದೇ.

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಮಾಡಿದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಮನೆಯಲ್ಲಿ ‘ಗುಂಟೆ’ ಎಂಬ ಮಾತನ್ನು ದಿನವೂ ಕೇಳುತ್ತಾರೆ, ಆದರೆ ಒಂದು ಗುಂಟೆ ಎಂದರೆ ಎಷ್ಟು ಜಾಗ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಮೂವತ್ತಮೂರು ಅಡಿ ಉದ್ದದ ಹಗ್ಗ ಕತ್ತರಿಸಿ, ಶಾಲೆಯ ಅಂಗಳದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ಚೌಕವನ್ನು ಸುಣ್ಣದಲ್ಲಿ ಎಳೆಸಿದೆ. 1,089 ಚದರ ಅಡಿ. ಇಂಥ ನಲವತ್ತು ಸೇರಿದರೆ ಒಂದು ಎಕರೆ. ಚೌಕದೊಳಗೆ ನಿಂತ ಹುಡುಗನೊಬ್ಬ ಸುತ್ತಲೂ ನೋಡಿ, “ಇಷ್ಟೇನಾ ಸಾರ್?” ಎಂದ. ಅವರ ಮನೆಯಲ್ಲಿ ಇಪ್ಪತ್ತು ಗುಂಟೆ ಜಮೀನು, ಅಪ್ಪನೂ ಇಬ್ಬರು ಚಿಕ್ಕಪ್ಪಂದಿರೂ ಪಾಲು ಮಾಡಿಕೊಂಡಿದ್ದಾರೆ. ಅವನು ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಭಾಗಿಸಿದ. ಒಬ್ಬೊಬ್ಬರಿಗೆ ಏಳು ಗುಂಟೆಯೂ ಬರಲಿಲ್ಲ. ಅಪ್ಪ ಯಾಕೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ. ಹಿಡುವಳಿಯ ವಿಭಜನೆ, ವಲಸೆ ಎಂಬ ಪದಗಳನ್ನು ಕಪ್ಪು ಹಲಗೆಯ ಮೇಲೆ ಬರೆದದ್ದು ಆಮೇಲೆ.

ಅದರ ಮರುವಾರ ಗ್ರಾಮ ನಕ್ಷೆಯನ್ನು ತಂದೆ. ಭೂದಾಖಲೆಗಳ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಆಯ್ದುಕೊಳ್ಳುತ್ತ ಹೋದರೆ ಊರಿನ ನಕ್ಷೆ ಸಿಗುತ್ತದೆ. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಮುದ್ರಿಸಿಕೊಳ್ಳಬಹುದು. ಸರ್ವೆ ನಂಬರುಗಳು, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ, ಎಲ್ಲವೂ ಅದರಲ್ಲಿವೆ. ದಿಶಾಂಕ್ ಆ್ಯಪ್ ಇರುವ ಫೋನನ್ನು ಹಿಡಿದು ನಿಂತರೆ, ನಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ಅದು ತೋರಿಸುತ್ತದೆ. ಒಂದು ಫೋನು, ಒಂದು ನಕ್ಷೆ, ಇಪ್ಪತ್ತಾರು ಮಕ್ಕಳು ಎರಡು ಪಿರಿಯಡ್‌ನಲ್ಲಿ ಶಾಲೆಯಿಂದ ಕೆರೆ ಏರಿಯವರೆಗೆ ನಡೆದು ಹೋದೆವು. ಉತ್ತರ ದಿಕ್ಕು, ಸಂಕೇತ, ಪ್ರಮಾಣ ಎಂದು ಪುಸ್ತಕದಲ್ಲಿ ಓದಿ ಮರೆಯುವ ಮಾತುಗಳನ್ನು ಆ ದಿನ ಮಕ್ಕಳು ಜಗಳವಾಡಿಕೊಂಡು ಬಳಸಿದರು. “ಹಳ್ಳ ಎಡಗಡೆ ಬರಬೇಕು, ನೀನು ನಕ್ಷೆ ತಿರುಗಿಸಿ ಹಿಡಿದಿದ್ದೀಯ” ಎಂದು ಒಬ್ಬಳು ಇನ್ನೊಬ್ಬನಿಗೆ ತಿದ್ದಿದ್ದು ನನಗೆ ಇನ್ನೂ ನೆನಪಿದೆ.

ಇದರಲ್ಲಿ ಕಷ್ಟವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಕ್ಷೆಯಲ್ಲಿ ಕಟ್ಟೆ, ಅಂದರೆ ಸಣ್ಣ ಕೆರೆ, ಎಂದಿರುವ ಕಡೆ ಈಗ ಮನೆಗಳಿವೆ ಎಂದು ಮಕ್ಕಳು ಕಂಡುಹಿಡಿದು ಮನೆಯಲ್ಲಿ ಹೇಳಿದ ಮಾರನೆಯ ದಿನ, ಪೋಷಕರೊಬ್ಬರು ಶಾಲೆಗೆ ಬಂದು, ನಾನು ಪಾಠ ಮಾಡುವುದು ಬಿಟ್ಟು ಸರ್ವೆ ಮಾಡಿಸುತ್ತಿದ್ದೇನೆ ಎಂದು ಗಟ್ಟಿಯಾಗಿ ಮಾತಾಡಿ ಹೋದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಅಂದಿನಿಂದ ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ತರಗತಿಯಲ್ಲಿ ಯಾರ ಪಹಣಿಯನ್ನೂ ತೆರೆಯುವುದಿಲ್ಲ, ಯಾಕೆಂದರೆ ಅದರಲ್ಲಿ ಮಾಲೀಕರ ಹೆಸರಿರುತ್ತದೆ ಮತ್ತು ಒಂದು ಗುಂಟೆಯೂ ಇಲ್ಲದ ಮನೆಯ ಮಕ್ಕಳು ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಹಾಗೆಯೇ, ಮೊದಲು ಏನಿತ್ತು ಎಂಬುದನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆಸುತ್ತೇನೆ, ಯಾರು ಮಾಡಿದರು ಎಂಬುದಕ್ಕೆ ಹೋಗುವುದಿಲ್ಲ. ಕಟ್ಟೆಯಲ್ಲಿ ಎಮ್ಮೆ ತೊಳೆಯುತ್ತಿದ್ದುದು, ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದುದು, ಹೀಗೆ ಮಕ್ಕಳು ತಂದ ಮಾತುಗಳು ನಾಲ್ಕು ಪುಟ ತುಂಬಿದವು.

ಇನ್ನು ಇತಿಹಾಸ. ನಮ್ಮದು ತುಮಕೂರು ಜಿಲ್ಲೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ, ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳು 1886ರಿಂದ ಹೊರಬಂದವು, ಹನ್ನೆರಡನೆಯದು ನಮ್ಮ ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಕೊಟ್ಟಿರುವ ಈ ಹಳೆಯ ಸಂಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಬಹುದು. ತಮ್ಮ ಊರಿನ ಹೆಸರನ್ನೋ ಪಕ್ಕದ ಊರಿನ ಹೆಸರನ್ನೋ ಅಷ್ಟು ಹಳೆಯ ಪುಟದಲ್ಲಿ ಕಂಡ ಮಗುವಿನ ಮುಖವನ್ನು ನೀವು ಒಮ್ಮೆ ನೋಡಬೇಕು. ಬೆಂಗಳೂರಿನ ಶಿಕ್ಷಕರಿಗಂತೂ ಇನ್ನೂ ಅನುಕೂಲವಿದೆ: ಬೇಗೂರಿನಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗದ, ಬೆಂಗಳೂರು ಕಾಳಗವನ್ನು ಹೆಸರಿಸುವ ಶಾಸನವಿದೆ, ನಗರದ ಸುತ್ತಲಿನ ಶಾಸನಗಳನ್ನು ಅಲ್ಲಿನ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ.

ಶಾಸನ ಇಲ್ಲದ ಊರಿನಲ್ಲೂ ಒಂದು ವೀರಗಲ್ಲು ಇರಬಹುದು. ನಮ್ಮ ಶಾಲೆಯ ಹತ್ತಿರದ ಕಲ್ಲು ಅರ್ಧ ಹುಗಿದುಹೋಗಿದೆ, ಮೇಲ್ಭಾಗಕ್ಕೆ ಯಾರೋ ಅರಿಶಿನ ಹಚ್ಚುತ್ತಾರೆ. ಮಕ್ಕಳಿಗೆ ಅದು ದೇವರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಅದರ ಮೇಲೆ ಸೂರ್ಯ ಚಂದ್ರರು. ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದೊಂದನ್ನು ಮಾತ್ರ ಹೇಳಿ ನಾನು ಸುಮ್ಮನಿದ್ದೆ. ಮಟಮಟ ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ, ಇಲ್ಲವೇ ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿದಾಗ, ಸವೆದ ಗೆರೆಗಳು ಎದ್ದು ಬರುತ್ತವೆ. ಕಲ್ಲಿಗೆ ಸೀಮೆಸುಣ್ಣ ಬಳಿಯಲು, ಕೆರೆಯಲು ದಯವಿಟ್ಟು ಬಿಡಬೇಡಿ. ಹಾಗೆ ಬೆಳಕು ಹಿಡಿದಾಗ ಕೆಳಪಟ್ಟಿಕೆಯ ಅಂಚಿನಲ್ಲಿ ಎರಡು ದನಗಳು ಕಂಡವು. ‘ತುರುಗೋಳ್’ ಎಂಬ ಪದವನ್ನು ನಾನು ಆಗ ಹೇಳಿದೆ: ದನಗಳನ್ನು ಹಿಡಿದೊಯ್ಯುವ ದಾಳಿ, ಅದನ್ನು ತಡೆಯಲು ಹೋಗಿ ಸತ್ತವನಿಗೆ ಊರಿನವರು ನಿಲ್ಲಿಸಿದ ಕಲ್ಲು. ರಾಜರ ಹೆಸರು, ಇಸವಿಗಳ ಪಟ್ಟಿಯಲ್ಲಿ ಎಲ್ಲೂ ಬಾರದ ಒಬ್ಬ ಮನುಷ್ಯ ಅವರ ಇತಿಹಾಸದೊಳಗೆ ಬಂದ.

ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾ ವೇದಿಕೆಯನ್ನು, ಪಠ್ಯಪುಸ್ತಕದ ಕ್ಯೂಆರ್ ಕೋಡುಗಳನ್ನು ನಾನು ಬೇಡ ಎನ್ನುತ್ತಿಲ್ಲ. ಜ್ವಾಲಾಮುಖಿಯನ್ನೋ ಹರಪ್ಪದ ಇಟ್ಟಿಗೆಯ ಚರಂಡಿಯನ್ನೋ ನಮ್ಮ ಮಕ್ಕಳು ನಡೆದುಹೋಗಿ ನೋಡಲಾರರು. ಅದಕ್ಕೆ ವಿಡಿಯೊ ಬೇಕು. ಆದರೆ ಗ್ರಾಮ ಪಂಚಾಯಿತಿ ಕಚೇರಿ ಶಾಲೆಯ ಗೇಟಿನ ಎದುರಿಗೇ ಇರುವಾಗ ಸ್ಥಳೀಯ ಸರ್ಕಾರದ ಪಾಠವನ್ನು ಸ್ಮಾರ್ಟ್ ಬೋರ್ಡಿನ ಕಾರ್ಟೂನಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಾಗದು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆಯಿದೆ. ಬಹಳ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುತ್ತದೆ. ಒಂದು ತಿಂಗಳು ಮೊದಲೇ ಮಕ್ಕಳಿಂದ ಅರ್ಜಿ ಬರೆಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಡಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಸಭೆಯಲ್ಲಿ ಆ ಪ್ರತಿಯನ್ನು ಹಿಡಿದು ಕೇಳುವಂತೆ ಮಾಡಿದರೆ ಪೌರನೀತಿಗೆ ಬೇರೆ ಪ್ರಾಜೆಕ್ಟ್ ಬೇಕಾಗುವುದಿಲ್ಲ. ನಮ್ಮ ಮಕ್ಕಳು ಹುಡುಗಿಯರ ಶೌಚಾಲಯಕ್ಕೆ ನೀರಿನ ಸಂಪರ್ಕ ಕೇಳಿದರು. ಎರಡನೆಯ ಅರ್ಜಿಗೆ ಪೈಪು ಬಂತು, ಟ್ಯಾಂಕು ಇನ್ನೂ ಬಂದಿಲ್ಲ. ಆ ಮುದ್ರೆಯಿರುವ ಹಾಳೆ ತರಗತಿಯ ಗೋಡೆಯ ಮೇಲಿದೆ.

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ನೀವು ಕೇಳುತ್ತೀರಿ. ನಲವತ್ತು ನಿಮಿಷದ ಪಿರಿಯಡ್, ಮುಗಿಸಬೇಕಾದ ಅಧ್ಯಾಯಗಳು, ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗಳು, ಇವೆಲ್ಲ ನನಗೂ ಇವೆ. ಥರ್ಮೋಕೋಲಿನಲ್ಲಿ ಕೋಟೆ ಮಾಡಿಸುವುದನ್ನು, ಸ್ಟೇಷನರಿ ಅಂಗಡಿಯ ಚಿತ್ರಪಟ ಅಂಟಿಸಿ ತರಿಸುವುದನ್ನು ನಾನು ಪೂರ್ತಿ ನಿಲ್ಲಿಸಿಬಿಟ್ಟೆ. ಪೋಷಕರ ಹಣವೂ ಉಳಿಯಿತು, ನಾಲ್ಕು ಮೌಲ್ಯಮಾಪನಗಳ ಪೈಕಿ ಎರಡಕ್ಕೆ ನಕ್ಷೆಯ ಕೆಲಸವೂ ಅಜ್ಜಿಯರ ಮಾತಿನ ಬರಹವೂ ಸಾಕಾಯಿತು.

ಹೊಸ ಶಿಕ್ಷಕಿಗೆ ನನ್ನ ಸಲಹೆಯೆಂದರೆ, ಈ ವಾರ ನಿಮ್ಮ ಊರಿನ ಗ್ರಾಮ ನಕ್ಷೆಯೊಂದನ್ನು ಮಾತ್ರ ಇಳಿಸಿಕೊಳ್ಳಿ. ನಮ್ಮದರ ಪ್ರತಿ ಈಗ ತರಗತಿಯ ಗೋಡೆಯ ಮೇಲಿದೆ. ಆ ಹಾಳೆಯಲ್ಲಿ ಕೆರೆಯ ಕೆಳಗಿನ ಹಟ್ಟಿ ಬರೀ ಒಂದು ಸರ್ವೆ ನಂಬರು. ಮನೆಗಳೂ ಇಲ್ಲ, ಹೆಸರೂ ಇಲ್ಲ. ಆ ಹಟ್ಟಿಯ ಹುಡುಗಿಯೊಬ್ಬಳು ಹಸಿರು ಪೆನ್ನು ಕೇಳಿ ಪಡೆದು, ಹದಿನಾಲ್ಕು ಮನೆ, ಒಂದು ಹುಣಸೆಮರ, ಎರಡು ದಿನಕ್ಕೊಮ್ಮೆ ನೀರು ಬರುವ ಒಂದು ನಲ್ಲಿಯನ್ನು ಅದರ ಮೇಲೆ ಬರೆದಿದ್ದಾಳೆ.