ಟಿಪ್ಸ್‌ಗೆ ದುಡ್ಡು ಸಾಲಲ್ಲ ಅಂದ್ರೆ ಒಂದು ಐಟಂ ಕಡಿಮೆ ಹೇಳಿ

ಟೆಕ್ಸಸ್‌ಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಂದ ಹೊಸದರಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಅಣ್ಣಾ, ಹೋಟೆಲ್‌ನಲ್ಲಿ ಟಿಪ್ಸ್ ಎಷ್ಟು ಕೊಡಬೇಕು? ಕೊಡಲೇಬೇಕಾ?" ನಾನಿರುವುದು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ. ಇಲ್ಲಿ ಕನ್ನಡದವರು ಜಾಸ್ತಿ, ಹಾಗಾಗಿ ಈ ಪ್ರಶ್ನೆಯೂ ಜಾಸ್ತಿ. ಕೇಳುವವರ ಮೇಲೆ ನನಗೇನೂ ಬೇಸರವಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ ಬಂದಿರುತ್ತಾರೆ, ಆರು ಡಾಲರ್ ಟಿಪ್ಸ್ ಅಂದ ತಕ್ಷಣ ತಲೆಯಲ್ಲಿ ಐನೂರು ರೂಪಾಯಿ ಅಂತ ಲೆಕ್ಕ ಆಗಿಬಿಡುತ್ತೆ, ಅಷ್ಟು ದುಡ್ಡಿಗೆ ಬೆಂಗಳೂರಲ್ಲಿ ಇಬ್ಬರು ಹೊಟ್ಟೆ ತುಂಬ ತಿಂಡಿ ತಿಂದು ಕಾಫಿಯನ್ನೂ ಕುಡಿದು ಬರಬಹುದಿತ್ತಲ್ಲ ಅಂತ ಅನಿಸುತ್ತೆ.

ನಾನು ಹೇಳುವುದು ಇಷ್ಟು. ಟೇಬಲ್‌ಗೆ ತಂದು ಕೊಡುವ ಕಡೆ ಕೂತರೆ ಶೇ. 18 ಕೊಡಿ. ತೀರಾ ಕೈ ಕಟ್ಟಿದ್ದರೆ ಶೇ. 15. ಅದರ ಕೆಳಗೆ ಇಳಿಯಬೇಡಿ. ಅಷ್ಟೂ ಆಗಲ್ಲ ಅಂದ್ರೆ ಒಂದು ಐಟಂ ಕಡಿಮೆ ಹೇಳಿ, ಇಲ್ಲ ಕೌಂಟರ್‌ನಲ್ಲಿ ನಾವೇ ತಗೊಂಡು ತಿನ್ನುವ ಕಡೆ ಹೋಗಿ. ಊಟದಲ್ಲಿ ಉಳಿಸಿ, ಬಡಿಸಿದವರ ಕೂಲಿಯಲ್ಲಿ ಉಳಿಸಬೇಡಿ.

ಕೂಲಿ ಅಂತ ಬೇಕಂತಲೇ ಬರೆದೆ. ನಮ್ಮಪ್ಪ ಇಲ್ಲಿಗೆ ಬಂದಿದ್ದಾಗ ಬಿಲ್ಲಿನ ಕೆಳಗೆ ನಾನು ಟಿಪ್ಸ್ ಬರೆಯುವುದನ್ನು ನೋಡಿ, "ಅಲ್ಲ ಕಣಪ್ಪಾ, ಇವರಿಗೆ ಮಾಲೀಕ ಸಂಬಳ ಕೊಡಲ್ವಾ?" ಅಂದರು. ಸರಿಯಾದ ಪ್ರಶ್ನೆ. ಕೊಡುತ್ತಾನೆ, ಗಂಟೆಗೆ 2.13 ಡಾಲರ್. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಅದೂ 2009ರಿಂದ ಬದಲಾಗಿಲ್ಲ. ಆದರೆ ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕ 2.13 ಕೊಟ್ಟರೆ ಸಾಕು, ಉಳಿದ 5.12 ಗಿರಾಕಿಗಳ ಟಿಪ್ಸ್‌ನಿಂದ ಬರುತ್ತೆ ಅಂತ ಕಾನೂನೇ ಲೆಕ್ಕ ಹಾಕಿಕೊಂಡಿದೆ. ಈ 2.13 ನಿಗದಿಯಾಗಿದ್ದು 1991ರಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ, ಆ ಅಂಕಿ ಮಾತ್ರ ಒಂದು ಸೆಂಟೂ ಮೇಲೇರಿಲ್ಲ. ಟೆಕ್ಸಸ್‌ನಲ್ಲಿ ಇವತ್ತಿಗೂ ಇದೇ ನಡೆಯುತ್ತಿದೆ.

ಟಿಪ್ಸ್ ಸಾಲದಿದ್ದರೆ 7.25ಕ್ಕೆ ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಮಾಲೀಕ ತುಂಬಿ ಕೊಡಬೇಕು, ಅದೂ ಕಾನೂನಿನಲ್ಲಿದೆ. ಆದರೆ ಆ ಲೆಕ್ಕ ನಡೆಯುವುದು ವಾರಕ್ಕೆ. ಶನಿವಾರ ರಾತ್ರಿ ಚೆನ್ನಾಗಿ ಬಂದಿದ್ದರೆ ಸೋಮವಾರ ಮಧ್ಯಾಹ್ನ ಬರಿಗೈಯಲ್ಲಿ ನಿಂತಿದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಇನ್ನು ಸಂಬಳ ಕಡಿಮೆ ಬಿತ್ತು ಅಂತ ಮಾಲೀಕನ ಮುಂದೆ ಹೋಗಿ ಕೇಳಲು ಎಷ್ಟು ಜನಕ್ಕೆ ಧೈರ್ಯ ಇರುತ್ತೆ?

ನಮ್ಮ ಸ್ನೇಹಿತರ ಮಗಳು ಕಾಲೇಜು ಓದುತ್ತಾ ವಾರದ ಕೊನೆಯಲ್ಲಿ ಇಲ್ಲಿನ ಒಂದು ಹೋಟೆಲ್‌ನಲ್ಲಿ ಸರ್ವರ್ ಕೆಲಸ ಮಾಡುತ್ತಿದ್ದಳು. ಒಂದು ಭಾನುವಾರ ನಮ್ಮವರೇ ಎಂಟು ಜನ ಬಂದು ಎರಡು ಗಂಟೆ ಕೂತರಂತೆ. ಬಿಸಿನೀರು, ಇನ್ನೊಂದು ಸ್ವಲ್ಪ ಚಟ್ನಿ, ಮಗುವಿಗೆ ಖಾರ ಇಲ್ಲದ್ದು, ಕೊನೆಗೆ ಬಿಲ್ ನಾಲ್ಕು ಭಾಗ ಮಾಡಿಕೊಡಿ, ಎಲ್ಲಾ ಆಯಿತು. ಒಟ್ಟು 240 ಡಾಲರ್ ಬಿಲ್. ಬಿಟ್ಟು ಹೋಗಿದ್ದು 5 ಡಾಲರ್. ಅಲ್ಲಿನ ಪದ್ಧತಿ ಪ್ರಕಾರ ಅವಳು ತನ್ನ ಟೇಬಲ್‌ನ ವ್ಯಾಪಾರದಲ್ಲಿ ಶೇ. 4ರಷ್ಟನ್ನು ತಟ್ಟೆ ಎತ್ತುವವರಿಗೆ, ಬಾರ್‌ನಲ್ಲಿ ಇರುವವರಿಗೆ ಹಂಚಬೇಕು. 240ಕ್ಕೆ 9.60 ಆಯಿತು. ಬಂದ 5 ಡಾಲರ್ ಹೋಗಿ, ಬೇರೆ ಟೇಬಲ್‌ನಿಂದ ಬಂದಿದ್ದರಲ್ಲಿ 4.60 ಸೇರಿಸಿ ಕೊಟ್ಟಳು. ಆ ಎರಡು ಗಂಟೆಗೆ ಅವಳ ಸಂಬಳವೇ 4.26. ಎಂಟು ಜನಕ್ಕೆ ಬಡಿಸಿ ಕೈಯಿಂದ ಹಾಕಿದ ಹಾಗಾಯಿತು. ಈ ಹಂಚಿಕೆ ಒಂದೊಂದು ಹೋಟೆಲ್‌ನಲ್ಲಿ ಒಂದೊಂದು ಥರ ಇರುತ್ತೆ, ಆದರೆ ಹಂಚಿಕೆ ಇರುವುದು ಮಾಮೂಲಿ. ನೀವು ಬಿಟ್ಟ ದುಡ್ಡು ಎದುರಿಗೆ ನಿಂತವರ ಜೇಬಿಗೇ ಪೂರ್ತಿ ಹೋಗುತ್ತೆ ಅಂದುಕೊಳ್ಳಬೇಡಿ.

ಊರಿನ ಲೆಕ್ಕ ಬೇರೆ, ಅದಕ್ಕೇ ಬಂದ ಹೊಸದರಲ್ಲಿ ಇದು ತಲೆಗೆ ಹೋಗುವುದಿಲ್ಲ. ದರ್ಶಿನಿಯಲ್ಲಿ ಟೋಕನ್ ತಗೊಂಡು, ನಿಂತು ತಿಂದು, ತಟ್ಟೆ ಇಟ್ಟು ಹೊರಡುತ್ತೇವೆ. ಅಲ್ಲಿ ಟಿಪ್ಸ್ ಅನ್ನುವ ಮಾತೇ ಇಲ್ಲ. ಕೂತು ತಿನ್ನುವ ಹೋಟೆಲ್‌ಗಳಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಂಥ ಕಡೆ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುತ್ತಾರಲ್ಲ, ಅಂಥ ಸಪ್ಲೈಯರ್‌ಗೆ ಸೋಂಪಿನ ತಟ್ಟೆಯಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಏಳುತ್ತೇವೆ. ಅದು ಖುಷಿಗೆ ಕೊಡುವುದು. ಬಿಡದಿದ್ದರೂ ಅವರ ಸಂಬಳ ನಿಲ್ಲುವುದಿಲ್ಲ. ಹಳೇ ಉಡುಪಿ ಹೋಟೆಲ್‌ಗಳಲ್ಲಿ ಮಾಣಿಗಳಿಗೆ ಸಂಬಳದ ಜೊತೆ ಊಟ, ಮಲಗಲು ಜಾಗ ಕೊಡುವ ಪದ್ಧತಿಯೂ ಇತ್ತು. ಆ ಸಂಬಳ ಕಡಿಮೆಯೇ, ಅವರ ಬದುಕು ಸುಖದ್ದು ಅಂತ ನಾನು ಖಂಡಿತಾ ಹೇಳಲ್ಲ. ಆದರೆ ಟಿಪ್ಸ್ ಬರುತ್ತೆ ಅಂತ ಸಂಬಳವನ್ನೇ ಕತ್ತರಿಸುವ ಕಾನೂನು ನಮ್ಮಲ್ಲಿಲ್ಲ.

ಇನ್ನೊಂದು ವ್ಯತ್ಯಾಸದ ಬಗ್ಗೆ ಜನ ಮಾತಾಡುವುದು ಕಡಿಮೆ. ನಾವು ಬೈಟು ಕಾಫಿ ಹೇಳಿ ಗಂಟೆಗಟ್ಟಲೆ ಹರಟುವ ಜನ. ಅದನ್ನೇ ಇಲ್ಲೂ ಮಾಡುತ್ತೇವೆ. ಇಲ್ಲಿ ಒಬ್ಬ ಸರ್ವರ್‌ಗೆ ಅಂತ ಕೊಡುವುದು ನಾಲ್ಕೈದು ಟೇಬಲ್, ಅದರಲ್ಲಿ ಒಂದನ್ನು ನಾವು ಹಿಡಿದುಕೊಂಡು ಕೂತರೆ ಅಷ್ಟು ಹೊತ್ತು ಅವರಿಗೆ ಆ ಟೇಬಲ್‌ನ ಸಂಪಾದನೆ ನಿಂತಂತೆ. ಎರಡು ಕಾಫಿಗೆ 8 ಡಾಲರ್ ಬಿಲ್ ಆಗಿ, ಶೇ. 18ರಂತೆ ಒಂದೂವರೆ ಡಾಲರ್ ಇಟ್ಟರೆ ಲೆಕ್ಕ ಸರಿ, ನ್ಯಾಯ ಸರಿಯಲ್ಲ. ಬಿಲ್ ಚಿಕ್ಕದು, ಕೂತಿದ್ದು ಜಾಸ್ತಿ ಅಂದ್ರೆ ಶೇಕಡಾ ಮರೆತು ತಲೆಗೆ ಎರಡು ಮೂರು ಡಾಲರ್ ಇಡಿ.

ಈಗ ದುಡ್ಡು ಉಳಿಸುವ ಕಡೆ ಬರೋಣ, ಅದೇ ಮುಖ್ಯ ಅಲ್ವಾ? ಇಲ್ಲಿ ಮೆನುವಿನಲ್ಲಿ ಬರೆದಿರುವ ಬೆಲೆ ನಿಜವಾದ ಬೆಲೆ ಅಲ್ಲ. ಇರ್ವಿಂಗ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಶೇ. 8.25. ಅದಕ್ಕೆ ಟಿಪ್ಸ್ ಶೇ. 18 ಸೇರಿಸಿದರೆ ಹೆಚ್ಚು ಕಡಿಮೆ ಕಾಲು ಪಾಲು ಆಯಿತು. ಹಾಗಾಗಿ ಮೆನು ನೋಡುವಾಗಲೇ ಬೆಲೆಗೆ ಕಾಲು ಪಾಲು ಸೇರಿಸಿಕೊಂಡು ಓದಿ. ಜೇಬಿನಲ್ಲಿ 40 ಡಾಲರ್ ಇದ್ದರೆ ಹೇಳಬೇಕಾದ್ದು 32 ಡಾಲರ್‌ನಷ್ಟು ಮಾತ್ರ. ಇಷ್ಟನ್ನು ಕೂರುವ ಮೊದಲೇ ಮಾಡಿಕೊಂಡರೆ ಬಿಲ್ ಬಂದಾಗ ಮುಖ ಮುಖ ನೋಡುವ ಪರಿಸ್ಥಿತಿ ಬರುವುದಿಲ್ಲ. 40 ಡಾಲರ್‌ನಷ್ಟು ಪೂರ್ತಿ ಹೇಳಿಬಿಟ್ಟು, ಟ್ಯಾಕ್ಸ್‌ನಿಂದ ತಪ್ಪಿಸಿಕೊಳ್ಳಲು ಆಗದೆ, ಕೊನೆಗೆ ಕಡಿಮೆ ಮಾಡಲು ಉಳಿದಿದ್ದು ಅದೊಂದೇ ಅಂತ ಟಿಪ್ಸ್‌ನ ಗೆರೆ ಮೇಲೆ ಸೊನ್ನೆ ಹಾಕುತ್ತೇವಲ್ಲ, ನಮ್ಮವರ ಟಿಪ್ಸ್ ಕಡಿಮೆಯಾಗುವುದು ಜಾಸ್ತಿ ಸಲ ಹೀಗೇ ಅಂತ ನನಗೆ ಅನಿಸುತ್ತೆ. ಜಿಪುಣತನಕ್ಕಿಂತ ಜಾಸ್ತಿ, ಮುಂಚೆಯೇ ಲೆಕ್ಕ ಹಾಕದಿರುವುದೇ ಕಾರಣ.

ಕಡಿಮೆ ಮಾಡಲು ಬೇಕಾದಷ್ಟು ದಾರಿ ಇದೆ. ಮಾಮೂಲಿ ನೀರು ಇಲ್ಲಿ ಬಿಟ್ಟಿ, ಮೂರು ನಾಲ್ಕು ಡಾಲರ್‌ನ ಸೋಡಾ ಬಿಟ್ಟರೆ ಆಗಲೇ ಟಿಪ್ಸ್‌ನ ಅರ್ಧ ಬಂತು. ರಾತ್ರಿ ಬದಲು ಮಧ್ಯಾಹ್ನ ಹೋಗಿ, ಲಂಚ್ ಸ್ಪೆಷಲ್ ಅಂತ ಅದೇ ಅಡುಗೆ ಕಡಿಮೆಗೆ ಸಿಗುತ್ತೆ. ಒಂದು ಪ್ಲೇಟ್ ಇಬ್ಬರಿಗೆ ಧಾರಾಳವಾಗಿ ಆಗುತ್ತೆ, ಉಳಿದಿದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಬಂದರೆ ರಾತ್ರಿಯ ಊಟವೂ ಆಯಿತು. ಟಿಪ್ಸ್ ಹಾಕುವಾಗ ಟ್ಯಾಕ್ಸ್ ಬಿಟ್ಟು ಊಟದ ಮೊತ್ತಕ್ಕೆ ಹಾಕಿ, ಅದು ತಪ್ಪಲ್ಲ. ಆದರೆ ಕೂಪನ್ ಬಳಸಿದ್ದರೆ ಕೂಪನ್‌ಗೆ ಮೊದಲಿದ್ದ ಮೊತ್ತಕ್ಕೇ ಹಾಕಬೇಕು. ರಿಯಾಯಿತಿ ಕೊಟ್ಟಿದ್ದು ಹೋಟೆಲ್, ಓಡಾಡಿದವರು ಓಡಾಡಿದ್ದಾರೆ.

ಕೊಡಬೇಕಾಗಿಲ್ಲದ ಕಡೆ ಸುಮ್ನೆ ಕೊಡಲೂ ಬೇಡಿ. ಕಾಫಿ ಅಂಗಡಿಯಲ್ಲಿ, ಚಾಟ್ ಅಂಗಡಿಯಲ್ಲಿ, ಸ್ವೀಟ್ ಅಂಗಡಿಯಲ್ಲಿ ಕೂಡ ಈಗ ಟ್ಯಾಬ್ಲೆಟ್ ತಿರುಗಿಸಿ 18, 20, 25 ಅಂತ ತೋರಿಸುತ್ತಾರೆ. ನಾವೇ ನಿಂತು ಆರ್ಡರ್ ಹೇಳಿ, ನಾವೇ ಎತ್ತಿಕೊಂಡು ಹೋಗುವ ಕಡೆ 'ನೋ ಟಿಪ್' ಒತ್ತಿ, ಯಾವ ಮುಜುಗರವೂ ಬೇಡ. ಕೌಂಟರ್‌ನಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಪೂರ್ತಿ ಕನಿಷ್ಠ ಕೂಲಿಯಾದರೂ ಇರುತ್ತೆ. ಪಾರ್ಸೆಲ್‌ಗೂ ಅಷ್ಟೇ, ಹತ್ತು ಜನದ ಊಟ ಕಟ್ಟಿಸಿದ್ದರೆ ಮಾತ್ರ ಎರಡು ಮೂರು ಡಾಲರ್ ಇಡಿ. ಬಫೆಗೆ ನಾನು ಶೇ. 10 ಕೊಡುತ್ತೇನೆ, ನೀರು ತಂದು ತಟ್ಟೆ ಎತ್ತುವವರು ಒಬ್ಬರು ಇದ್ದೇ ಇರುತ್ತಾರೆ. ಆರು ಜನಕ್ಕಿಂತ ಜಾಸ್ತಿ ಹೋದಾಗ ಬಿಲ್ ಸರಿಯಾಗಿ ಓದಿ. ಎಷ್ಟೋ ಕಡೆ ಶೇ. 18 ಇಲ್ಲವೇ 20 ಮೊದಲೇ ಸೇರಿಸಿರುತ್ತಾರೆ, ಅದರ ಕೆಳಗೆ ಇನ್ನೊಂದು ಖಾಲಿ ಗೆರೆಯೂ ಇರುತ್ತೆ, ನೋಡದೆ ಎರಡು ಸಲ ಕೊಟ್ಟವರನ್ನು ನಾನು ಬಲ್ಲೆ. ಇನ್ನು ಒಬ್ಬರು ಕಾರ್ಡ್ ಕೊಟ್ಟು ಆಮೇಲೆ ಉಳಿದವರಿಂದ ವಸೂಲಿ ಮಾಡುವಾಗ, ತಿಂದ ದೋಸೆಯ ಬೆಲೆ ಮಾತ್ರ ಕಳಿಸಬೇಡಿ, ಕಾಲು ಪಾಲು ಸೇರಿಸಿ ಕಳಿಸಿ. ಇಲ್ಲದಿದ್ದರೆ ಕಾರ್ಡ್ ಕೊಟ್ಟವನ ಮೇಲೆ ಎಲ್ಲರ ಟಿಪ್ಸ್ ಬೀಳುತ್ತೆ, ಮುಂದಿನ ಸಲ ಅವನು ಶೇ. 8 ಬರೆಯುತ್ತಾನೆ.

ಎಲ್ಲಾ ರಾಜ್ಯವೂ ಟೆಕ್ಸಸ್ ಅಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ನೆವಾಡಾ, ಮಿನ್ನೆಸೋಟಾ, ಮೊಂಟಾನಾ, ಅಲಾಸ್ಕ, ಈ ಏಳು ರಾಜ್ಯಗಳಲ್ಲಿ ಟಿಪ್ಸ್‌ನ ನೆಪ ಹೇಳಿ ಸಂಬಳ ಕಡಿಮೆ ಮಾಡುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 16.50 ಇತ್ತು, ಸರ್ವರ್‌ಗೂ ಅಷ್ಟೇ. ಅಲ್ಲೂ ಜನ ಶೇ. 18, 20 ಕೊಡುತ್ತಾರೆ, ಬಾಡಿಗೆ ಹಾಗಿದೆ. ಆದರೆ ಸ್ಯಾನ್ ಹೋಸೆಯಲ್ಲಿ ಓದುವ ಹುಡುಗ ಕೈಲಿ ದುಡ್ಡಿಲ್ಲದಾಗ ಶೇ. 15ಕ್ಕಿಂತ ಒಂಚೂರು ಕೆಳಗೆ ಇಳಿದರೂ ನಾನು ಏನೂ ಅನ್ನಲ್ಲ.

"ಮಾಲೀಕ ಕೊಡಬೇಕಾದ ಸಂಬಳ ನಾನ್ಯಾಕೆ ಕೊಡಲಿ, ಈ ಪದ್ಧತಿಯೇ ತಪ್ಪು" ಅನ್ನುವವರಿದ್ದಾರೆ. ಪದ್ಧತಿ ತಪ್ಪು, ಒಪ್ಪುತ್ತೇನೆ. ಇದರ ಬೇರೂ ಒಳ್ಳೆಯದಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ಕಂಪನಿಯಂಥವರು ರೈಲಿನಲ್ಲಿ ಕಡಿಮೆ ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದು ಪ್ರಯಾಣಿಕರ ಟಿಪ್ಸ್‌ನಲ್ಲಿ ನೋಡಿಕೊಳ್ಳಿ ಅಂದರು. ಇಲ್ಲಿನವರೇ ಇದನ್ನು ವಿರೋಧಿಸಿದ್ದೂ ಇದೆ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸ್ ಕೊಡುವುದನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂದೆಯೇ ಬಂದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಆಮೇಲೆ 1966ರಲ್ಲಿ ಹೋಟೆಲ್ ಕೆಲಸಗಾರರನ್ನು ಕನಿಷ್ಠ ಕೂಲಿ ಕಾನೂನಿನೊಳಗೆ ತಂದಾಗ, ಟಿಪ್ಸ್ ಬಂದಷ್ಟನ್ನು ಸಂಬಳದಲ್ಲಿ ವಜಾ ಮಾಡಿಕೊಳ್ಳಬಹುದು ಅಂತ ಮಾಲೀಕರಿಗೆ ಬಾಗಿಲು ತೆರೆದೇ ಇಟ್ಟರು. ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್ ಹಾಸ್ಪಿಟಾಲಿಟಿ ಗ್ರೂಪ್ ಅನ್ನುವ ರೆಸ್ಟೋರೆಂಟ್ ಕಂಪನಿ 2015ರಲ್ಲಿ ಟಿಪ್ಸ್ ಬೇಡ, ಬೆಲೆಯಲ್ಲೇ ಸೇರಿಸುತ್ತೇವೆ ಅಂತ ಹೊರಟಿತ್ತು, 2020ರಲ್ಲಿ ಅದನ್ನು ಕೈಬಿಟ್ಟಿತು. 2024ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸರ್ವರ್‌ಗಳಿಗೂ ಪೂರ್ತಿ ಕನಿಷ್ಠ ಕೂಲಿ ಕೊಡಬೇಕಾ ಅಂತ ಮತಕ್ಕೆ ಹಾಕಿದರು, ಜನ ಬೇಡ ಅಂದರು. ಬೇಡ ಅಂದವರಲ್ಲಿ ಸರ್ವರ್‌ಗಳೂ ಇದ್ದರು, ಒಳ್ಳೆಯ ಹೋಟೆಲ್‌ನಲ್ಲಿ ಟಿಪ್ಸ್‌ನಿಂದಲೇ ಅವರ ದುಡಿಮೆ ಜಾಸ್ತಿ.

ಇಷ್ಟು ಸಿಕ್ಕಾಗಿರುವ ಪದ್ಧತಿಯನ್ನು ನಾವು ಟಿಪ್ಸ್ ಗೆರೆ ಮೇಲೆ ಸೊನ್ನೆ ಹಾಕಿ ಬದಲಾಯಿಸಲು ಆಗುತ್ತಾ? ಮಾಲೀಕನಿಗೆ ಊಟದ ದುಡ್ಡು ಪೂರ್ತಿ ಹೋಯಿತು. ಅವನಿಗೆ ಬಿಸಿ ತಟ್ಟಲೇ ಇಲ್ಲ. ತಟ್ಟಿದ್ದು ನೀರು ತಂದುಕೊಟ್ಟವರಿಗೆ. ನಿಜವಾಗಿ ವಿರೋಧ ಇದ್ದರೆ ಅಂಥ ಹೋಟೆಲ್‌ಗೆ ಹೋಗಬೇಡಿ, ಆಗ ಮಾಲೀಕನ ವ್ಯಾಪಾರ ಕಡಿಮೆಯಾಗುತ್ತೆ. ಇಲ್ಲಿನ ಪೌರತ್ವ ಪಡೆದವರು ಮತ ಹಾಕುವಾಗ ನೆನಪಿಟ್ಟುಕೊಳ್ಳಿ. ನಮ್ಮವರಲ್ಲೇ ಹೋಟೆಲ್ ನಡೆಸುವವರಿದ್ದೀರಿ, 2.13ಕ್ಕಿಂತ ಜಾಸ್ತಿ ಕೊಡಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಇನ್ನು ಗಿರಾಕಿಗಳ ಟಿಪ್ಸ್‌ನಲ್ಲಿ ಮಾಲೀಕ, ಮ್ಯಾನೇಜರ್ ಪಾಲು ತಗೊಳ್ಳುವ ಹಾಗಿಲ್ಲ ಅಂತ 2018ರಿಂದ ಕೇಂದ್ರ ಕಾನೂನಿನಲ್ಲೇ ಸ್ಪಷ್ಟವಾಗಿದೆ. ಇದನ್ನು ಕೆಲಸ ಮಾಡುವ ಮಕ್ಕಳೂ ತಿಳಿದಿರಲಿ.

ರಜೆಗೆ ಊರಿಗೆ ಹೋದಾಗ ಇಲ್ಲಿನ ಶೇ. 18 ಅಲ್ಲಿಗೆ ಹೊತ್ತುಕೊಂಡು ಹೋಗುವುದು ಬೇಡ. ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಸರ್ವಿಸ್ ಚಾರ್ಜ್ ಅಂತ ಶೇ. 10 ಬಿಲ್ಲಿನಲ್ಲೇ ಹಾಕಿದ್ದರೆ ಅದನ್ನು ತೆಗೆಸಬಹುದು. ಅದನ್ನು ಕಡ್ಡಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಹಾಗೆ ಉಳಿದ ದುಡ್ಡಲ್ಲಿ ಬಡಿಸಿದವರ ಕೈಗೆ ನೇರವಾಗಿ ಕೊಡಿ. ಚಿಕ್ಕ ಹೋಟೆಲ್‌ಗಳಲ್ಲಿ ಮಾತ್ರ ಒಂದು ವಿಷಯ ಗಮನಿಸಿದ್ದೇನೆ. ಎಲ್ಲರೂ ಫೋನ್ ಎತ್ತಿ ಸ್ಕ್ಯಾನ್ ಮಾಡುತ್ತಾರೆ, ಬಿಲ್ 185 ಅಂದ್ರೆ 185 ಹೋಗುತ್ತೆ, ಚಿಲ್ಲರೆ ವಾಪಸ್ ಬರುವುದಿಲ್ಲ, ಸೋಂಪಿನ ತಟ್ಟೆಯಲ್ಲಿ ನೋಟು ಉಳಿಯುವುದಿಲ್ಲ. ಹಾಗಾಗಿ ಊರಿಗೆ ಹೋದವರು ಬ್ಯಾಂಕ್‌ನಿಂದ 20ರ, 50ರ ನೋಟಿನ ಒಂದೊಂದು ಕಟ್ಟು ತಂದು ಇಟ್ಟುಕೊಳ್ಳಿ.